ಕೆಲಸ ಇದೆ, ಸಂಬಳ ಇದೆ, ಎತ್ತ ಹೋಗುತ್ತಿದ್ದೇನೆ ಅಂತ ಮಾತ್ರ ಗೊತ್ತಿಲ್ಲ. ನೀವು ಹೇಗೆ ದಾರಿ ಕಂಡುಕೊಂಡಿರಿ?

ಬಟವಾಡಿ_ಹುಡುಗ (ತುಮಕೂರು):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ಉತ್ತರ ಕೊಡಿ.

ವಯಸ್ಸು 31. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಸಂಬಳ ಸರಿಯಾಗಿ ಬರುತ್ತದೆ, ಸಾಲ ಇಲ್ಲ, ಅಪ್ಪ ಅಮ್ಮ ಗಟ್ಟಿಮುಟ್ಟಾಗಿದ್ದಾರೆ. ಮತ್ತೇನು ಸಮಸ್ಯೆ ಅಂತ ಕೇಳಬಹುದು. ಡಿಪ್ಲೊಮಾ ಮುಗಿದ ಮೇಲೆ ಸರ್ಕಾರಿ ನೌಕರಿಗೆ ಅಂತ ಕೆಲವು ವರ್ಷ ಓದಿದೆ. ಆಗ ಕೈಯಲ್ಲಿ ಕಾಸಿರಲಿಲ್ಲ, ಆದರೆ ಬೆಳಿಗ್ಗೆ ಎದ್ದರೆ ಇವತ್ತು ಯಾವ ಪಾಠ, ಯಾವ ಹಳೇ ಪ್ರಶ್ನೆಪತ್ರಿಕೆ ಅನ್ನೋದು ಗೊತ್ತಿರುತ್ತಿತ್ತು. ಆಮೇಲೆ ಈ ಕೆಲಸ ಸಿಕ್ಕಿತು, ಓದು ನಿಂತಿತು. ಈಗ ಕಾಸಿದೆ. ಶಿಫ್ಟ್ ಮುಗಿಸಿ ಬಂದು, ಊಟ ಮಾಡಿ, ಫೋನ್ ಹಿಡಿದುಕೊಂಡೇ ಮಲಗುತ್ತೇನೆ. ವಾರ ಕಳೆದದ್ದೇ ಗೊತ್ತಾಗಲ್ಲ. ಮೊನ್ನೆ ಮದುವೆ ಮಾತು ಬಂದಾಗ ಹುಡುಗಿ ಕಡೆಯವರು ಮುಂದೇನು ಯೋಚನೆ ಮಾಡಿದ್ದೀರಿ ಅಂತ ಕೇಳಿದರು. ಬಾಯಿಗೆ ಏನೂ ಬರಲಿಲ್ಲ. ಆವತ್ತಿನಿಂದ ಅದೇ ಕೊರೆಯುತ್ತಿದೆ.

ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಅನ್ನೋದನ್ನ ಪ್ರೈಮರಿ ಶಾಲೆಯ ಗೋಡೆ ಮೇಲೇ ಓದಿದ್ದೇನೆ. ಗುರಿ ಇರಬೇಕು, ಸರಿ. ಅದು ಯಾವುದು ಅಂತ ತಿಳಿಯುವುದು ಹೇಗೆ? ನೀವು ಹೇಗೆ ತೀರ್ಮಾನ ಮಾಡಿದಿರಿ, ಅದಕ್ಕಾಗಿ ಏನು ಬಿಟ್ಟಿರಿ, ಅಷ್ಟು ಹೇಳಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಯವರೇ ಹೇಳಿದರೆ ಇನ್ನೂ ಒಳ್ಳೆಯದು, ನಮ್ಮ ಕಡೆಯ ಪರಿಸ್ಥಿತಿ ಗೊತ್ತಿರುತ್ತದೆ ಅಲ್ವಾ.

ಮಾಲೂರು_ಲೋಕಲ್:

ತಮ್ಮಾ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮಂಥ ಮನೆಗಳಲ್ಲಿ ಮೊದಲನೇ ಉದ್ದೇಶ ದುಡ್ಡು. ನಾನು ದಿನಾ ಮಾಲೂರಿನಿಂದ ವೈಟ್‌ಫೀಲ್ಡ್‌ಗೆ ರೈಲಿನಲ್ಲಿ ಹೋಗಿ ಬರುತ್ತೇನೆ. ಯಾಕೆ ಅಂತ ನನ್ನನ್ನು ಯಾರೂ ಕೇಳಬೇಕಾಗಿಲ್ಲ, ನಾನೂ ಕೇಳಿಕೊಂಡಿಲ್ಲ. ತಂಗಿ ಮದುವೆಯ ಸಾಲ ತೀರಿಸಿದೆ. ಈಗ ಮನೆ ಸಾಲ ಇದೆ. ಅಮ್ಮನ ಮಂಡಿ ಆಪರೇಷನ್ ಆಗಬೇಕು. ರೈಲಿನಲ್ಲಿ ನನ್ನ ಜೊತೆ ನಿಂತುಕೊಂಡು ಬರುವ ನೂರಾರು ಜನರದ್ದೂ ಹೀಗೇ ಒಂದೊಂದು ಲೆಕ್ಕ ಇರುತ್ತದೆ.

ನಿನಗೆ ಸಾಲ ಇಲ್ಲ ಅಂದೆ. ಹಾಗಾದರೆ ಇದು ಕೂಡಿಡುವ ಕಾಲ. ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಮಾಡಿಸು, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ, ಒಂದು ಸೈಟು ನೋಡು. ಕಾಲ ಕೆಳಗೆ ನೆಲ ಗಟ್ಟಿ ಇಲ್ಲದವನಿಗೆ ಉದ್ದೇಶದ ಮಾತು ಯಾಕೆ? ಇದು ಒರಟು ಮಾತು ಅನ್ನಿಸಬಹುದು, ಆದರೆ ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಮಾರಿಕುಪ್ಪಂ (ಕೆಜಿಎಫ್):

ಮಾಲೂರು ಅಣ್ಣ ಹೇಳಿದ್ದರಲ್ಲಿ ತಪ್ಪಿಲ್ಲ. ನಾನೂ ಅದೇ ಲೈನಿನ ರೈಲಿನವನು. ಆದರೆ ನಮ್ಮ ಊರಿನ ಕಥೆ ಒಂದು ಹೇಳಬೇಕು.

ನಮ್ಮ ತಂದೆ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡುತ್ತಿದ್ದರು. ನೆಲದೊಳಗೆ ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಹೋದ ಚಿನ್ನದ ಗಣಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ನಮ್ಮದು. ಅಪ್ಪನನ್ನು ಯಾರು ನೀವು ಅಂತ ಕೇಳಿದರೆ ಹೆಸರಿಗಿಂತ ಮುಂಚೆ ಗಣಿ ಹೆಸರು ಬರುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸ್ವಲ್ಪ ದುಡ್ಡು ಬಂತು. ಆ ದುಡ್ಡು ಹೇಗೋ ಮನೆ ನಡೆಸಿತು, ಆದರೆ ಅಪ್ಪನಿಗೆ ಶಿಫ್ಟ್ ಹೊತ್ತಿಗೇ ಎಚ್ಚರ ಆಗುತ್ತಿತ್ತು. ಎದ್ದು ಮುಖ ತೊಳೆದು ಕೂರುತ್ತಿದ್ದರು. ಹೋಗೋಕೆ ಜಾಗ ಇರಲಿಲ್ಲ. ಅದನ್ನು ನೋಡಿಕೊಂಡು ಬೆಳೆದವನು ನಾನು.

ಗಣಿ ಕಾರ್ಮಿಕರ ಮನೆಗಳ ಸಾಲಿಗೆ ನಾವು ಲೈನು ಅನ್ನುತ್ತೇವೆ, ನಮ್ಮ ಲೈನಿನಲ್ಲೇ ಇನ್ನೊಬ್ಬರು ಮಾಮ ಇದ್ದರು. ಅದೇ ಗಣಿ, ಅದೇ ದುಡ್ಡು, ಅದೇ ದಿನ ಕೆಲಸ ಹೋಯಿತು. ಅವರು ಮೊದಲಿನಿಂದಲೂ ಸಂಜೆ ಲೈನಿನ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದರು. ನಮ್ಮ ಊರಿನಲ್ಲಿ ಫುಟ್‌ಬಾಲ್ ಅಂದರೆ ಪ್ರಾಣ. ಗಣಿ ಮುಚ್ಚಿದ ಮಾರನೇ ದಿನ ಸಂಜೆಯೂ ಹುಡುಗರು ಅವರ ಮನೆ ಬಾಗಿಲಿಗೆ ಬಂದರು, ಅವರು ಎದ್ದು ಹೋದರು. ಕಷ್ಟ ಅವರಿಗೂ ಇತ್ತು, ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಆದರೂ ಮನುಷ್ಯ ಕುಸಿಯಲಿಲ್ಲ. ನನ್ನ ಅಪ್ಪ ಕಡಿಮೆ ಮನುಷ್ಯ ಅಂತ ಹೇಳುತ್ತಿಲ್ಲ. ಇಪ್ಪತ್ತು ಮೂವತ್ತು ವರ್ಷ ನೆಲದೊಳಗೆ ಇಳಿದವರಿಗೆ ಮೇಲೆ ಬಂದು ಬೇರೆ ಏನನ್ನಾದರೂ ಕಟ್ಟಿಕೊಳ್ಳುವ ಶಕ್ತಿ ಎಲ್ಲಿ ಉಳಿದಿರುತ್ತದೆ. ನಾನು ಹೇಳೋದು ಇಷ್ಟೇ ತಮ್ಮಾ, ಗೇಟಿನ ಹೊರಗೂ ನಿನಗಾಗಿ ಕಾಯುವ ನಾಲ್ಕು ಜನ ಇರಲಿ. ಕಾರ್ಖಾನೆ ಇವತ್ತು ಇರುತ್ತದೆ.

ಪಾವಗಡ_ಬಯಲು:

ದುಡ್ಡು ಬಂದರೆ ಉಳಿದದ್ದು ತಾನಾಗಿ ಬರುತ್ತದಾ ಅನ್ನೋ ಪ್ರಶ್ನೆಗೆ ನಮ್ಮ ಕಡೆ ಬಂದು ನೋಡಿ.

ನಮ್ಮ ತಿರುಮಣಿ ಸುತ್ತಮುತ್ತ ಸೋಲಾರ್ ಪಾರ್ಕ್ ಆಗಿರುವುದು ನಿಮಗೆಲ್ಲ ಗೊತ್ತೇ ಇದೆ. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದೇವೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಸ್ವಲ್ಪ ಏರುತ್ತದೆ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬಿತ್ತಿದ ಬೀಜದ ದುಡ್ಡೂ ಬರದ ಊರು ಇದು. ಹಾಗಾಗಿ ಆ ಬಾಡಿಗೆಯನ್ನು ನಾನು ಕಡಿಮೆ ಮಾಡಿ ಮಾತಾಡಲ್ಲ. ಅದರಿಂದ ಮನೆಗಳಾಗಿವೆ, ಮಕ್ಕಳು ಓದಿದ್ದಾರೆ.

ಆದರೆ ನಮ್ಮ ಚಿಕ್ಕಪ್ಪ ಬೆಳಿಗ್ಗೆ ಎದ್ದು ಮಾಡೋಕೆ ಏನೂ ಇಲ್ಲದೆ ಅರಳಿಕಟ್ಟೆ ಮೇಲೆ ಕೂತು, ಮಧ್ಯಾಹ್ನ ಮಲಗಿ, ಸಾಯಂಕಾಲ ಮತ್ತೆ ಕಟ್ಟೆಗೆ ಬಂದು, ಸಣ್ಣಪುಟ್ಟದಕ್ಕೆಲ್ಲ ಜಗಳ ತೆಗೆಯೋಕೆ ಶುರು ಮಾಡಿದರು. ಮೊದಲು ಅವರು ಹಾಗಿರಲಿಲ್ಲ. ಮಳೆ ಇಲ್ಲದ ವರ್ಷವೂ ಅವರ ಮುಖದಲ್ಲಿ ಚಿಂತೆ ಇರುತ್ತಿತ್ತು, ಈ ಥರದ ಖಾಲಿತನ ಇರಲಿಲ್ಲ. ಕೊನೆಗೆ ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ನೋಡಿಕೊಳ್ಳೋರು ಬೇಕಾಗಿತ್ತು, ಒಪ್ಪಿಕೊಂಡರು. ಬೆಳಿಗ್ಗೆ ಸಂಜೆ ಹಾಲು ಅಳೆಯಬೇಕು, ಫ್ಯಾಟ್ ನೋಡಬೇಕು, ಪಟ್ಟಿ ಬರೆಯಬೇಕು. ಬರುವ ದುಡ್ಡು ಜಮೀನಿನ ಬಾಡಿಗೆ ಮುಂದೆ ಏನೇನೂ ಅಲ್ಲ. ಆದರೆ ಒಂದು ಹೊತ್ತು ಅವರು ಬರದಿದ್ದರೆ ಹೆಣ್ಣುಮಕ್ಕಳು ಹಾಲಿನ ಕ್ಯಾನು ಹಿಡಿದುಕೊಂಡು ನಿಂತಿರುತ್ತಾರೆ. ಈಗ ಮನೆಯಲ್ಲಿ ಜಗಳ ಇಲ್ಲ.

ಇನ್ನೊಂದು ಮಾತು ಹೇಳದೆ ಹೋದರೆ ಅನ್ಯಾಯ ಆಗುತ್ತದೆ. ಜಮೀನು ಇದ್ದವರಿಗೆ ಬಾಡಿಗೆ ಬಂತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಎಷ್ಟೋ ಮನೆಗಳವರು ಬೆಂಗಳೂರಿಗೆ ಹೋದರು. ಅವರಿಗೆ ದಾರಿ ಹುಡುಕಿಕೊಳ್ಳಿ ಅಂತ ಬುದ್ಧಿ ಹೇಳೋಕೆ ನನಗೆ ಬಾಯಿ ಬರಲ್ಲ.

ಗೂಡಿನ_ಅಕ್ಕ (ಶಿಡ್ಲಘಟ್ಟ):

ಎಲ್ಲರೂ ಗಂಡಸರೇ ಬರೆದಿದ್ದೀರಿ, ಅದಕ್ಕೆ ನಾನೂ ಬರೆಯೋಣ ಅಂತ.

ನಮ್ಮದು ರೇಷ್ಮೆ ಮನೆ. ಚಾಕಿ ಹುಳು, ಅಂದರೆ ಮರಿ ಹುಳು, ತಂದು ಮನೆ ತುಂಬಿಸಿದ ಮೇಲೆ ಗೂಡು ಬಿಡಿಸುವ ತನಕ ಮನುಷ್ಯರಿಗಿಂತ ಹುಳುಗಳದ್ದೇ ಸಮಯ. ಕೊನೇ ಜ್ವರ ಎದ್ದ ಮೇಲಂತೂ, ಅಂದರೆ ಹುಳು ಕೊನೇ ಸಲ ಪೊರೆ ಬಿಟ್ಟ ಮೇಲೆ, ರಾತ್ರಿ ಎದ್ದು ಸೊಪ್ಪು ಹಾಕಬೇಕು. ಹಣ್ಣಾದ ಹುಳು ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡುವ ದಿನ ಊಟ ಮಾಡೋಕೂ ಪುರುಸೊತ್ತಿರಲ್ಲ. ಇದರ ಜೊತೆ ಅಡುಗೆ, ಮಕ್ಕಳು, ಅತ್ತೆಯ ಔಷಧಿ. ಉದ್ದೇಶ ಇಟ್ಟುಕೊಂಡು ಬದುಕಿ ಅಂತ ಭಾಷಣ ಮಾಡುವವರ ವಿಡಿಯೋ ನಾನೂ ನೋಡಿದ್ದೇನೆ. ಬೆಳಿಗ್ಗೆ ಒಂದು ಗಂಟೆ ನಿಮಗಾಗಿ ಇಟ್ಟುಕೊಳ್ಳಿ ಅನ್ನುತ್ತಾರೆ. ಆ ಒಂದು ಗಂಟೆ ಯಾರ ಕೈಯಿಂದ ಬರಬೇಕು ಅಂತ ಮಾತ್ರ ಯಾರೂ ಹೇಳಲ್ಲ.

ನನಗೆ ಡಿಗ್ರಿ ಮಾಡಬೇಕು ಅನ್ನೋದು ಪಿಯುಸಿ ಮುಗಿದಾಗಿನಿಂದ ಇದ್ದ ಆಸೆ. ಹುಡುಕುವ ಪ್ರಶ್ನೆಯೇ ಇರಲಿಲ್ಲ, ಏನು ಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಬೇಕಾಗಿದ್ದದ್ದು ಸಮಯ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ತರುವ ಮಧ್ಯೆ ಮನೆ ತೊಳೆದು ಔಷಧಿ ಹೊಡೆದು ಒಣಗೋಕೆ ಬಿಡುತ್ತೇವಲ್ಲ, ಆ ದಿನಗಳು ನನ್ನವು ಅಂತ ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ಮೊದಲು ಮೌನ. ಆಮೇಲೆ ಮಾವನವರೇ ಸರಿ ಅಂದರು. ಮುಕ್ತ ವಿಶ್ವವಿದ್ಯಾಲಯಕ್ಕೆ ಕಟ್ಟಿದೆ. 2023ರ ಜೂನ್‌ನಲ್ಲಿ ಬಸ್ಸು ಫ್ರೀ ಆದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಬರೋಕೆ ಯಾರ ಹತ್ತಿರವೂ ದುಡ್ಡು ಕೇಳಬೇಕಾಗಿಲ್ಲ, ಅದು ಎಷ್ಟು ದೊಡ್ಡ ವಿಷಯ ಅಂತ ಹೆಂಗಸರಿಗೆ ಮಾತ್ರ ಅರ್ಥ ಆಗುತ್ತದೆ. ಈಗ ಕೊನೇ ವರ್ಷ.

ತಮ್ಮಾ, ನಿನಗೆ ಸಂಜೆ ಇದೆ. ಅದು ನಿನ್ನದೇ ಸಂಜೆ, ಯಾರ ಹತ್ತಿರವೂ ಬೇಡಬೇಕಾಗಿಲ್ಲ. ಅದನ್ನು ಹಗುರವಾಗಿ ನೋಡಬೇಡ. ಮತ್ತೆ ಮದುವೆ ಮಾತು ಅಂದೆಯಲ್ಲ, ನಿನ್ನ ಯೋಚನೆ ಹೇಳುವ ಮುಂಚೆ ಆ ಹುಡುಗಿಗೆ ಏನು ಮಾಡಬೇಕು ಅಂತಿದೆ ಅಂತಲೂ ಕೇಳು. ನನ್ನನ್ನು ಯಾರೂ ಕೇಳಿರಲಿಲ್ಲ.

ಶಿರಾ_ಗೇಟ್:

ಅಕ್ಕಾ, ನಿಮ್ಮ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ಪರೀಕ್ಷೆಗೆ ಒಳ್ಳೆಯದಾಗಲಿ.

ಒಂದು ವಿಷಯ ಸೇರಿಸುತ್ತೇನೆ. ಇಂಟರ್ನೆಟ್‌ನಲ್ಲಿ ನಾಲ್ಕು ವೃತ್ತಗಳ ಒಂದು ಚಿತ್ರ ಓಡಾಡುತ್ತದೆ. ನಿಮಗೆ ಇಷ್ಟವಾದದ್ದು, ನಿಮಗೆ ಚೆನ್ನಾಗಿ ಬರುವುದು, ಜಗತ್ತಿಗೆ ಬೇಕಾದದ್ದು, ದುಡ್ಡು ತರುವುದು. ನಾಲ್ಕೂ ಸೇರುವ ಮಧ್ಯದ ಜಾಗವೇ ಇಕಿಗಾಯ್, ಜಪಾನಿನ ಗುಟ್ಟು ಅಂತ. ನಾನು ಆ ಚಿತ್ರ ಪ್ರಿಂಟ್ ಹಾಕಿಸಿ ರೂಮಿನಲ್ಲಿ ಅಂಟಿಸಿದ್ದೆ. ಮಧ್ಯದ ಜಾಗ ತುಂಬಲೇ ಇಲ್ಲ. ಆಮೇಲೆ ಓದಿದಾಗ ಗೊತ್ತಾಯಿತು, ಆ ಚಿತ್ರ ಜಪಾನಿನದ್ದೇ ಅಲ್ಲ. ಆಂಡ್ರೆಸ್ ಝುಝುನಾಗ ಅನ್ನುವ ಸ್ಪೇನ್ ದೇಶದ ಜ್ಯೋತಿಷಿ ಮಾಡಿದ್ದು, 2014ರಲ್ಲಿ ಮಾರ್ಕ್ ವಿನ್ ಅನ್ನುವ ಬ್ರಿಟಿಷ್ ಬ್ಲಾಗರ್ ಅದರ ಮಧ್ಯೆ ಜಪಾನಿ ಹೆಸರು ಸೇರಿಸಿದರು. ಜಪಾನಿನ ಅಜ್ಜಂದಿರಿಗೆ ಬೆಳಿಗ್ಗೆ ತರಕಾರಿ ಗಿಡಕ್ಕೆ ನೀರು ಹಾಕೋದೂ, ಮೊಮ್ಮಗನನ್ನು ನೋಡೋದೂ ಬದುಕೋಕೆ ಸಾಕಾಗುವ ಕಾರಣವೇ. ಅದು ಸಂಬಳ ತರಬೇಕಾಗಿಲ್ಲ.

ನಾಲ್ಕೂ ಒಂದೇ ಕಡೆ ಸಿಗಬೇಕು ಅಂತ ಕಾಯುವುದನ್ನು ಬಿಟ್ಟ ಮೇಲೆ ನನಗೆ ಎಷ್ಟೋ ಹಗುರ ಆಯಿತು. ಸಂಬಳ ಒಂದು ಕಡೆಯಿಂದ ಬರಲಿ. ಮನಸ್ಸಿಗೆ ಹತ್ತಿರದ ಕೆಲಸ ಇನ್ನೊಂದು ಕಡೆ ಇರಲಿ.

ಮೇಷ್ಟ್ರು_ಗೌರಿಬಿದನೂರು:

ಮಗು, ನಾನು ನಿವೃತ್ತ ಶಿಕ್ಷಕ. ನಿಮ್ಮೆಲ್ಲರ ಮಾತು ಓದಿದೆ, ಸಂತೋಷ ಆಯಿತು.

ನಮ್ಮ ತಾಲ್ಲೂಕಿನ ಹೊಸೂರಿನವರು ಡಾ. ಎಚ್. ನರಸಿಂಹಯ್ಯ. 1920ರಲ್ಲಿ ಹುಟ್ಟಿದವರು, ಬಡ ಮನೆ. ಓದಬೇಕು ಅನ್ನುವ ಒಂದೇ ಕಾರಣಕ್ಕೆ ಹುಡುಗನಾಗಿದ್ದಾಗ ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. 1942ರ ಚಳವಳಿಯಲ್ಲಿ ಜೈಲಿಗೆ ಹೋದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು, 1960ರಲ್ಲಿ. ಅಲ್ಲೇ ಉಳಿಯಬಹುದಿತ್ತು. ವಾಪಸ್ ಬಂದು ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿದರು. 1972ರಿಂದ 77ರ ತನಕ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದರು. ಮದುವೆ ಆಗಲಿಲ್ಲ. ಸ್ವಂತ ಮನೆ ಮಾಡಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ರೂಮಿನಲ್ಲಿ ಬದುಕಿದರು, 2005ರಲ್ಲಿ ತೀರಿಕೊಳ್ಳುವ ತನಕ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ಇದೆಯಲ್ಲ, ಬರದ ಸೀಮೆಯ ಮಕ್ಕಳಿಗೆ ಕಾಲೇಜು ಅಂತ ಒಂದು ಹತ್ತಿರದಲ್ಲಿ ಸಿಕ್ಕಿದ್ದರ ಹಿಂದೆ ಅವರಿದ್ದಾರೆ.

ಅವರ ಹಾಗೆ ಆಗು ಅಂತ ಹೇಳೋಕೆ ಇದನ್ನು ಬರೆಯಲಿಲ್ಲ. ಎಲ್ಲರೂ ಹಾಸ್ಟೆಲ್ ರೂಮಿನಲ್ಲಿ ಬದುಕೋಕೆ ಆಗಲ್ಲ, ಬದುಕಬೇಕಾಗಿಯೂ ಇಲ್ಲ. ನಾನು ಅವರಲ್ಲಿ ಗಮನಿಸಿದ್ದು ಬೇರೆ. ಏನು ಬೇಡ ಅನ್ನೋದನ್ನ ಅವರು ಚಿಕ್ಕ ವಯಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ಹಾಗಾಗಿ ದಿನಾ ಬೆಳಿಗ್ಗೆ ಹೊಸದಾಗಿ ಯೋಚನೆ ಮಾಡುವ ತೊಂದರೆ ಇರಲಿಲ್ಲ. ನಾವು ಏನು ಬೇಕು ಅಂತ ಪಟ್ಟಿ ಮಾಡುತ್ತೇವೆ. ಬೇಡದ್ದರ ಪಟ್ಟಿ ಮಾಡಲ್ಲ. ನಿನ್ನ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ರಾತ್ರಿಯ ಫೋನು ಅಂತ ನೀನೇ ಬರೆದಿದ್ದೀಯ.

ಈಗ ಎರಡು ಪ್ರಶ್ನೆ ಕೇಳುತ್ತೇನೆ, ಇಲ್ಲೇ ಉತ್ತರ ಬರೆ. ಜನ ತಾವಾಗಿ ನಿನ್ನ ಹತ್ತಿರ ಏನು ಕೇಳಿಕೊಂಡು ಬರುತ್ತಾರೆ? ಯಾವ ಕೆಲಸ ಕೆಟ್ಟದಾಗಿ ಆಗಿದ್ದನ್ನು ನೋಡಿದರೆ ನಿನಗೆ ತಡೆದುಕೊಳ್ಳೋಕೆ ಆಗಲ್ಲ? ದೊಡ್ಡ ಉತ್ತರ ಬೇಡ.

ಬಟವಾಡಿ_ಹುಡುಗ:

ಮೇಷ್ಟ್ರೇ, ಇಡೀ ದಿನ ಇದೇ ಯೋಚನೆ ಮಾಡಿದೆ.

ನಮ್ಮಲ್ಲಿಗೆ ಅಪ್ರೆಂಟಿಸ್ ಆಗಿ ಬರುವ ಐಟಿಐ ಹುಡುಗರು ಇರುತ್ತಾರೆ. ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಹಳ್ಳಿಗಳವರು. ಸರ್ಟಿಫಿಕೇಟ್ ಇರುತ್ತದೆ, ಆದರೆ ಸಣ್ಣ ಅಳತೆ ನೋಡುವ ವರ್ನಿಯರ್ ಓದೋಕೆ ಎಷ್ಟೋ ಜನಕ್ಕೆ ಸರಿಯಾಗಿ ಬರಲ್ಲ. ಮುಖ್ಯ ಸ್ಕೇಲು ಓದುತ್ತಾರೆ, ಕೆಳಗಿನ ಗೀಟು ಯಾವುದು ಕೂಡಿತು ಅಂತ ನೋಡೋಕೆ ಬಂದಾಗ ತಡವರಿಸುತ್ತಾರೆ. 0.02 ಮಿಲಿಮೀಟರ್ ಅಂದರೆ ಏನು ಅಂತ ಬೆರಳಿಗೆ ಗೊತ್ತಿರಲ್ಲ. ಡ್ರಾಯಿಂಗ್ ಕೊಟ್ಟರಂತೂ ಹೆದರಿಕೆ. ಕೇಳೋಕೆ ನಾಚಿಕೆ, ಸೂಪರ್‌ವೈಸರ್ ಬೈಯುತ್ತಾರೆ ಅಂತ ಭಯ. ಅವರು ಟೀ ಬಿಡುವಿನಲ್ಲಿ ನನ್ನ ಹತ್ತಿರ ಬರುತ್ತಾರೆ. ಅಣ್ಣಾ ಇದೊಂದು ಹೇಳಿಕೊಡಿ ಅಂತ. ನಾನು ಹೇಳಿಕೊಡುತ್ತೇನೆ. ಅದನ್ನು ಒಂದು ವಿಷಯ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ.

ಎರಡನೇ ಪ್ರಶ್ನೆಗೂ ಉತ್ತರ ಅಲ್ಲೇ ಇದೆ ಅನ್ನಿಸುತ್ತದೆ. ಒಬ್ಬ ಹುಡುಗ ಅಳತೆ ಗೊತ್ತಿಲ್ಲದೆ ಸುಮ್ನೆ ಓಕೆ ಅಂತ ಬರೆದು ಪೀಸ್ ಮುಂದೆ ಕಳಿಸಿದ್ದನ್ನು ನೋಡಿದಾಗ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಪೀಸ್ ಹಾಳಾಯಿತು ಅಂತಲ್ಲ. ಇವನಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲವಲ್ಲ ಅಂತ.

ಇದು ಉದ್ದೇಶ ಅನ್ನಿಸಿಕೊಳ್ಳುತ್ತದಾ? ತುಂಬಾ ಚಿಕ್ಕದು ಅನ್ನಿಸುತ್ತಿದೆ.

ಮಾರಿಕುಪ್ಪಂ (ಕೆಜಿಎಫ್):

ನಮ್ಮ ಮಾಮನ ಫುಟ್‌ಬಾಲೂ ಇಷ್ಟೇ ದೊಡ್ಡದಿತ್ತು ತಮ್ಮಾ.

ಮಾಲೂರು_ಲೋಕಲ್:

ಒಳ್ಳೆಯ ಕೆಲಸ, ಇಲ್ಲ ಅನ್ನಲ್ಲ. ಆದರೆ ಎಚ್ಚರಿಕೆಯ ಮಾತು ಒಂದು. ಇವನು ಹೇಳಿಕೊಡುತ್ತಾನೆ ಅಂತ ಗೊತ್ತಾದರೆ ಎಲ್ಲವನ್ನೂ ನಿನ್ನ ತಲೆ ಮೇಲೆ ಹಾಕುತ್ತಾರೆ. ಟ್ರೇನಿಂಗೂ ನೀನೇ, ನಿನ್ನ ಕೆಲಸವೂ ನೀನೇ, ಸಂಬಳ ಅದೇ. ಒಳ್ಳೆ ಮನಸ್ಸಿನವರನ್ನು ಜಗತ್ತು ಹೇಗೆ ಹಿಂಡುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಜೊತೆಯವನೊಬ್ಬ ಎಲ್ಲರಿಗೂ ಆಗುತ್ತೇನೆ ಅಂತ ಹೋಗಿ ಆರೋಗ್ಯ ಕೆಡಿಸಿಕೊಂಡ. ಉದ್ದೇಶ ಅನ್ನೋ ಮಾತು ಕೇಳಿದಾಗ ನನಗೆ ಮೊದಲು ನೆನಪಾಗುವುದು ಅವನ ಮುಖ.

ಕಲ್ಪತರು (ತಿಪಟೂರು):

ಮಾಲೂರು ಅಣ್ಣನ ಭಯ ನಿಜ. ಅದಕ್ಕೆ ಉತ್ತರ 12ನೇ ಶತಮಾನದಲ್ಲೇ ಒಬ್ಬ ಹೆಣ್ಣುಮಗಳು ಕೊಟ್ಟಿದ್ದಾರೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಕಲ್ಯಾಣದಲ್ಲಿ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ, ಅದರಲ್ಲಿ ದಾಸೋಹ. ಒಂದು ದಿನ ಅವರು ಮಾಮೂಲಿಗಿಂತ ಜಾಸ್ತಿ ಅಕ್ಕಿ ತಂದರು. ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. ಇಷ್ಟು ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲೇ ಚೆಲ್ಲಿ ಬನ್ನಿ ಅಂದರು. ಬಡ ಮನೆಯ ಹೆಂಗಸು ಹೇಳಿದ ಮಾತು ಇದು. ಕಾಯಕದ ಬಗ್ಗೆ ನಾವು ತುಂಬಾ ಮಾತಾಡುತ್ತೇವೆ, ಲಕ್ಕಮ್ಮನ ಅಳತೆಯ ಬಗ್ಗೆ ಮಾತಾಡಲ್ಲ. ಒಳ್ಳೆಯ ಕೆಲಸಕ್ಕೂ ಇಷ್ಟು ಸಾಕು ಅನ್ನೋದು ಬೇಕು.

ನಾನು ಸಿದ್ಧಗಂಗಾ ಮಠದಲ್ಲಿ ಇದ್ದುಕೊಂಡು ಓದಿದವನು. ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾಗುವ ತನಕ ಅವರ ದಿನಚರಿ ನೋಡಿದವರಿಗೆಲ್ಲ ಗೊತ್ತು, ಬೆಳಗಿನ ಜಾವದ ಪೂಜೆಗೆ ಒಂದು ಹೊತ್ತು, ಮಕ್ಕಳ ಪ್ರಾರ್ಥನೆಗೆ ಒಂದು ಹೊತ್ತು, ಬಂದವರನ್ನು ಮಾತಾಡಿಸೋಕೆ ಒಂದು ಹೊತ್ತು. ಸಾವಿರಾರು ಮಕ್ಕಳಿಗೆ ಊಟ, ಓದು ನಡೆಯುವ ಜಾಗ ಅದು. ಆದರೂ ಅಲ್ಲಿ ಗಡಿಬಿಡಿ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಶುರು, ಹೊತ್ತಿಗೆ ಸರಿಯಾಗಿ ಮುಗಿತಾಯ. ತಮ್ಮಾ, ನೀನು ಕೂಡ ವಾರಕ್ಕೆ ಒಂದು ದಿನ, ಇಂಥ ಗಂಟೆಯಿಂದ ಇಂಥ ಗಂಟೆ ಅಂತ ಇಟ್ಟುಕೋ. ಕಾರ್ಖಾನೆಯ ಒಳಗೆ ಬೇಡ, ಹೊರಗೆ ಇರಲಿ. ಆಗ ಅದು ನಿನ್ನ ಕೆಲಸ ಆಗುತ್ತದೆ, ಕಂಪನಿಯದ್ದಲ್ಲ.

ಮಧುಗಿರಿ_ಬೆಟ್ಟ:

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ಮೇಷ್ಟ್ರ ಪ್ರಶ್ನೆ ನನಗೆ ನಾನೇ ಕೇಳಿಕೊಂಡೆ. ನನ್ನ ಹತ್ತಿರ ಯಾರೂ ಏನೂ ಕೇಳಿಕೊಂಡು ಬರಲ್ಲ. ಕೆಟ್ಟದಾಗಿ ಆಗಿದ್ದನ್ನು ನೋಡಿದರೂ ಏನೂ ಅನ್ನಿಸಲ್ಲ. ಮೊದಲು ಕಬಡ್ಡಿ ಅಂದರೆ ಹುಚ್ಚು, ಈಗ ಮೈದಾನದ ಕಡೆ ನೋಡೋಕೂ ಬೇಜಾರು. ರಾತ್ರಿ ನಿದ್ದೆ ಬರಲ್ಲ, ಬೆಳಿಗ್ಗೆ ಏಳೋಕಾಗಲ್ಲ. ಇಲ್ಲಿ ಎಲ್ಲರಿಗೂ ಒಂದೊಂದು ಉತ್ತರ ಸಿಕ್ಕಿದೆ, ನನಗೆ ಮಾತ್ರ ಇಲ್ಲ.

ವಾರ್ಡ್_ಸಿಸ್ಟರ್ (ಚಿಂತಾಮಣಿ):

ಮಧುಗಿರಿ ತಮ್ಮಾ, ಬರೆದಿದ್ದು ಒಳ್ಳೆಯದಾಯಿತು. ನಾನು ನರ್ಸ್, ಅದಕ್ಕೆ ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ.

ದಾರಿ ಕಾಣದಿರುವುದು ಒಂದು. ಖಿನ್ನತೆ ಇನ್ನೊಂದು. ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ ಕೆಟ್ಟು, ಮೊದಲು ಇಷ್ಟವಾಗಿದ್ದ ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದು ಸೋಮಾರಿತನ ಅಲ್ಲ, ಗುರಿ ಇಲ್ಲದ್ದೂ ಅಲ್ಲ. ಜ್ವರಕ್ಕೆ ಹೇಗೆ ಡಾಕ್ಟರ ಹತ್ತಿರ ಹೋಗುತ್ತೇವೋ ಇದಕ್ಕೂ ಹೋಗಬೇಕು. ಥೈರಾಯ್ಡ್, ಬಿ12 ಕಡಿಮೆ ಇದ್ದರೂ ಇಂಥ ಸುಸ್ತು, ಬೇಜಾರು ಬರುತ್ತದೆ, ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಇವತ್ತೇ 14416ಕ್ಕೆ ಫೋನ್ ಮಾಡು. ಟೆಲಿ ಮನಸ್ ಅಂತ ಕೇಂದ್ರ ಸರ್ಕಾರದ ಸೇವೆ, 2022ರಿಂದ ನಡೆಯುತ್ತಿದೆ. ದುಡ್ಡಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹುಷಾರಾದ ಮೇಲೆ ಉದ್ದೇಶದ ಮಾತು ಆಡೋಣ. ಈಗ ಆ ಭಾರವನ್ನೂ ಹೊತ್ತುಕೊಳ್ಳಬೇಡ.

ಉಳಿದವರಿಗೆ ಒಂದು ಮಾತು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಬಗ್ಗೆ ನಮಗೆ ತರಬೇತಿಯಲ್ಲಿ ಹೇಳಿದ್ದರು. ಹಿಟ್ಲರನ ಕಾಲದ ಯಾತನಾ ಶಿಬಿರಗಳಲ್ಲಿದ್ದು ಬದುಕಿ ಬಂದವರು. ಮನುಷ್ಯನಿಗೆ ಬದುಕಿನ ಅರ್ಥ ಕೆಲಸದಿಂದ ಸಿಗಬಹುದು, ಪ್ರೀತಿಯಿಂದ ಸಿಗಬಹುದು, ತಪ್ಪಿಸಿಕೊಳ್ಳಲಾಗದ ನೋವನ್ನು ಅವನು ಎದುರಿಸುವ ರೀತಿಯಿಂದಲೂ ಸಿಗಬಹುದು ಅನ್ನೋದು ಅವರ ವಿಚಾರ. ವಾರ್ಡಿನಲ್ಲಿ ಆ ಮೂರನೆಯದನ್ನು ನಾನು ತುಂಬಾ ನೋಡುತ್ತೇನೆ. ಹಾಸಿಗೆ ಹಿಡಿದ ಅಜ್ಜಿ ಪಕ್ಕದ ಹಾಸಿಗೆಯ ಹುಡುಗಿಗೆ ಧೈರ್ಯ ಹೇಳುತ್ತಿರುತ್ತಾರೆ. ಹಾಗಾಗಿ ಉದ್ದೇಶ ಅಂದ ಕೂಡಲೇ ಏನಾದರೂ ಮಾಡಲೇಬೇಕು ಅಂತ ಅಂದುಕೊಳ್ಳಬೇಡಿ.

ಮಾಲೂರು_ಲೋಕಲ್:

ಮಧುಗಿರಿ ತಮ್ಮಾ, ಫೋನ್ ಮಾಡಿದ ಮೇಲೆ ಇಲ್ಲಿ ಒಂದು ಸಾಲು ಬರೆ. ಆಸ್ಪತ್ರೆಗೆ ಜೊತೆಗೆ ಯಾರಾದರೂ ಬೇಕು ಅಂದರೆ ಹೇಳು, ರಜೆ ಹಾಕಿ ಬರುತ್ತೇನೆ.

ಮಧುಗಿರಿ_ಬೆಟ್ಟ:

ಮಾಡಿದೆ ಅಣ್ಣ. ತುಂಬಾ ಹೊತ್ತು ಮಾತಾಡಿದರು. ಡಾಕ್ಟರನ್ನು ನೋಡೋಕೆ ಹೇಳಿದ್ದಾರೆ. ನಮ್ಮ ಮನೆಯ ಅಕ್ಕನ ಜೊತೆ ಹೋಗುತ್ತೇನೆ.

ಗೂಡಿನ_ಅಕ್ಕ (ಶಿಡ್ಲಘಟ್ಟ):

ಒಳ್ಳೆಯದಾಯಿತು ಕಣಪ್ಪಾ. ಊಟ ಮಾತ್ರ ಬಿಡಬೇಡ.

ಬಟವಾಡಿ_ಹುಡುಗ:

ಎಲ್ಲರಿಗೂ ಧನ್ಯವಾದ. ಮಧುಗಿರಿ ಅವರೇ, ನಾವು ಅಕ್ಕಪಕ್ಕದ ಊರಿನವರು, ಯಾವಾಗ ಬೇಕಾದರೂ ಮೆಸೇಜ್ ಮಾಡಿ.

ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಅಳತೆ ಮತ್ತು ಡ್ರಾಯಿಂಗ್ ಓದುವುದು. ಹನ್ನೆರಡಾದ ಮೇಲೆ ನಿಲ್ಲಿಸುತ್ತೇನೆ, ಲಕ್ಕಮ್ಮನ ಲೆಕ್ಕ. ಜಾಗಕ್ಕೆ ನಮ್ಮ ಅಮ್ಮನ ಊರಿನ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ಕೇಳಿದ್ದೇನೆ, ಲೈಬ್ರರಿಯನ್ ಖುಷಿಯಿಂದ ಒಪ್ಪಿದರು. ಸ್ವಂತ ದುಡ್ಡಿನಲ್ಲಿ ವರ್ನಿಯರ್, ಮೈಕ್ರೋಮೀಟರ್ ತೆಗೆದುಕೊಳ್ಳುತ್ತೇನೆ. ಮಾಲೂರು ಅಣ್ಣಾ, ವಿಮೆಯನ್ನೂ ಮಾಡಿಸಿದೆ. ಹುಡುಗಿಯ ಜೊತೆ ಮಾತಾಡಿದೆ, ಅಕ್ಕ ಹೇಳಿದ ಹಾಗೆ ಮೊದಲು ಕೇಳಿದೆ. ಅವರಿಗೆ ಬಿ.ಎಡ್. ಮಾಡಬೇಕು ಅಂತಿದೆಯಂತೆ. ಮುಂದಿನ ವಾರ ಎರಡೂ ಮನೆಯವರು ಕೂತು ಮಾತಾಡುತ್ತೇವೆ.

ಇದು ಜೀವನಪೂರ್ತಿಯ ಗುರಿಯಾ ಅಂತ ನನಗೆ ಗೊತ್ತಿಲ್ಲ ಮೇಷ್ಟ್ರೇ. ಈ ವರ್ಷದ್ದು ಅಂತ ಗೊತ್ತು.

ಮೇಷ್ಟ್ರು_ಗೌರಿಬಿದನೂರು:

ವರ್ಷದ ಕೊನೆಗೆ ಮತ್ತೆ ಆ ಎರಡು ಪ್ರಶ್ನೆ ಕೇಳಿಕೋ. ಉತ್ತರ ಬದಲಾಗಿದ್ದರೆ ಕೆಲಸವನ್ನೂ ಬದಲಾಯಿಸು, ಅದಕ್ಕೆ ಸಂಕೋಚ ಬೇಡ. ಇನ್ನೊಂದು, ಪಾಠ ಶುರು ಮಾಡಿದ ಹೊಸದರಲ್ಲಿ ಹುಡುಗರು ಬರಲ್ಲ. ಇಬ್ಬರೇ ಬಂದರೂ ಹತ್ತು ಗಂಟೆಗೆ ಸರಿಯಾಗಿ ಶುರು ಮಾಡು. ಕಾಯುತ್ತಾ ಕೂತರೆ ಬಂದ ಇಬ್ಬರಿಗೆ ಅವಮಾನ ಮಾಡಿದ ಹಾಗೆ.

ಕೊರಟಗೆರೆ_ಡಿಪ್ಲೊಮಾ:

ಸರ್, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಎರಡನೇ ವರ್ಷ. ನಮ್ಮ ಬ್ಯಾಚಿನಲ್ಲಿ ಹುಡುಗಿಯರು ಕಡಿಮೆ. ಹುಡುಗಿಯರೂ ಬರಬಹುದಾ? ನಾನು, ನನ್ನ ಫ್ರೆಂಡ್ ಇಬ್ಬರು ಬರುತ್ತೇವೆ, ಬಸ್ ಇದೆ.

ಬಟವಾಡಿ_ಹುಡುಗ:

ಖಂಡಿತ ಬನ್ನಿ ತಂಗಿ. ಲೈಬ್ರರಿಯನ್ ಕೂಡ ಮೇಡಂ, ಅವರು ಇರುತ್ತಾರೆ. ಮನೆಯವರು ಯಾರಾದರೂ ಮೊದಲ ದಿನ ಬಂದು ನೋಡಿಕೊಂಡು ಹೋದರೂ ಒಳ್ಳೆಯದೇ. ಯಾವುದರಿಂದ ಶುರು ಮಾಡಿದರೆ ನಿಮಗೆ ಉಪಯೋಗ, ಅದನ್ನೂ ಹೇಳಿ.

ಕೊರಟಗೆರೆ_ಡಿಪ್ಲೊಮಾ:

ಫಸ್ಟ್ ಆಂಗಲ್, ಥರ್ಡ್ ಆಂಗಲ್ ಸರ್, ಡ್ರಾಯಿಂಗ್‌ನಲ್ಲಿ ಪೀಸಿನ ನೋಟಗಳನ್ನು ಜೋಡಿಸುವ ಎರಡು ವಿಧಾನ ಇವೆಯಲ್ಲ, ಅವು. ಕಾಲೇಜಿನಲ್ಲಿ ಫಸ್ಟ್ ಆಂಗಲ್ ಮಾತ್ರ ಮಾಡಿಸಿದ್ದಾರೆ. ಕಂಪನಿಗೆ ಬರುವ ಅಮೆರಿಕದ ಡ್ರಾಯಿಂಗ್ ಥರ್ಡ್ ಆಂಗಲ್ ಇರುತ್ತದೆ ಅಂತ ಸೀನಿಯರ್ಸ್ ಹೇಳುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಪೀಸಿನ ಮೇಲೆ ತೋರಿಸಿ. ಯಾವುದಾದರೂ ನಿಜವಾದ ಪೀಸ್ ತರೋಕೆ ಆಗುತ್ತದಾ?